ಕಾಯ್‌ಒಎಸ್: ಜಿಯೋಫೋನ್ ಜೊತೆ ಏರಿ ಇಳಿದ ವೇದಿಕೆ

ಮೊಝಿಲ್ಲಾದ ಫೈರ್‌ಫಾಕ್ಸ್ ಒಎಸ್‌ನಿಂದ ಕವಲೊಡೆದ ಕಾರ್ಯಾಚರಣ ವ್ಯವಸ್ಥೆಯೇ ಕಾಯ್‌ಒಎಸ್. 2017ರ ಜುಲೈ 21ರಂದು ರಿಲಯನ್ಸ್ ಘೋಷಿಸಿದ ಜಿಯೋಫೋನ್ ಇದನ್ನು ಮನೆಮನೆಗೆ ತಲುಪಿಸಿತು. ಮರಳಿ ಸಿಗುವ ಠೇವಣಿ ರೂ. 1,500, 2.4 ಇಂಚಿನ ಪರದೆ, ಅಂಕಿಗಳ ಕೀಲಿಮಣೆ, 512 ಎಂಬಿ ರ್‍ಯಾಮ್, 4ಜಿ. ಧ್ವನಿ ಆದೇಶವಿದ್ದುದರಿಂದ ಟೈಪ್ ಮಾಡಲು ಬಾರದವರೂ ಅಂತರ್ಜಾಲ ಬಳಸಿದರು. ಇದೇ ಅದರ ನಿಜವಾದ ಸಾಧನೆ.

2018ರಲ್ಲಿ ಭಾರತದ ಮೊಬೈಲ್ ಬಳಕೆಯಲ್ಲಿ ಕಾಯ್‌ಒಎಸ್ ಐಒಎಸ್ ಅನ್ನು ಹಿಂದಿಕ್ಕಿ ಆಂಡ್ರಾಯ್ಡ್ ನಂತರದ ಸ್ಥಾನಕ್ಕೇರಿತು. ಅದೇ ವರ್ಷದ ಜೂನ್‌ನಲ್ಲಿ ಗೂಗಲ್ 2.2 ಕೋಟಿ ಡಾಲರ್ ಹೂಡಿತು. ಸೆಪ್ಟೆಂಬರ್‌ನಲ್ಲಿ ಜಿಯೋಫೋನ್‌ಗೆ ವಾಟ್ಸಾಪ್ ಬಂತು.

  

ಕಾಯ್‌ಒಎಸ್‌ನ ನಂತರದ ಇಳಿಕೆಗೆ ಮುಖ್ಯ ಕಾರಣ ಆ್ಯಪ್‌ಗಳ ಕೊರತೆ. ಕಡಿಮೆ ಮೆಮೊರಿಯ ಫೋನಿನಲ್ಲಿ ಹೊಸ ಸೇವೆಗಳು ಓಡಲಿಲ್ಲ. ಅಗ್ಗದ ಆಂಡ್ರಾಯ್ಡ್ ಫೋನುಗಳು ಬಳಕೆದಾರರನ್ನು ಸೆಳೆದವು. ಒಂದೇ ಕಂಪನಿಯ ಫೋನನ್ನು ಇಷ್ಟೊಂದು ನೆಚ್ಚಿಕೊಂಡ ವೇದಿಕೆಗೆ ಆ ಕಂಪನಿ ದಾರಿ ಬದಲಿಸಿದ್ದು ದೊಡ್ಡ ಪೆಟ್ಟು. 2024ರ ಜೂನ್‌ನಿಂದ ಕಾಯ್‌ಒಎಸ್‌ಗೆ ವಾಟ್ಸಾಪ್ ಹೊಸದಾಗಿ ಸಿಗುವುದೂ ನಿಂತಿತು.

ಪರೀಕ್ಷೆಗೆ ನೆನಪಿಡಿ: 2021ರ ನವೆಂಬರ್‌ನಲ್ಲಿ ಬಂದ ಜಿಯೋಫೋನ್ ನೆಕ್ಸ್ಟ್‌ನಲ್ಲಿದ್ದುದು ಕಾಯ್‌ಒಎಸ್ ಅಲ್ಲ, ಆಂಡ್ರಾಯ್ಡ್ ಆಧಾರಿತ ಪ್ರಗತಿ ಒಎಸ್.