ಗಾತ್ರ ನೋಡಿ ಟೆರಿಯರ್ ತರಬೇಡಿ

ನಮ್ಮ ಮನೆಯ ಜ್ಯಾಕ್ ರಸೆಲ್ ಟೆರಿಯರನ್ನು ನೋಡಿದ ಹೊಳಲ್ಕೆರೆ, ಹೊಸದುರ್ಗದ ನೆಂಟರೆಲ್ಲ 'ನಮಗೂ ಒಂದು ಮರಿ ಕೊಡಿಸಿ' ಎನ್ನುತ್ತಾರೆ. ಆರೇಳು ಕೆ.ಜಿ. ತೂಕದ ಮುದ್ದು ನಾಯಿ, ನಿಜ. ಆದರೆ 19ನೇ ಶತಮಾನದಲ್ಲಿ ಇಂಗ್ಲೆಂಡಿನ ಪಾದ್ರಿ ಜಾನ್ ರಸೆಲ್ ಈ ತಳಿಯನ್ನು ಬೆಳೆಸಿದ್ದು ನರಿ ಬೇಟೆಗೆ. ಬಿಲಕ್ಕೆ ನುಗ್ಗಿ ನರಿಯನ್ನು ಹೊರಗಟ್ಟುವುದೇ ಅದರ ಕಸುಬು. ಬೆಂಗಳೂರಿನಿಂದ ಮರಿ ತಂದ ನನ್ನ ಭಾವಮೈದ ಇದೊಂದನ್ನೂ ಹೇಳಲಿಲ್ಲ. "ಸಣ್ಣ ನಾಯಿ ಭಾವ, ಮೂಲೇಲಿ ಬಿದ್ಕೊಂಡಿರುತ್ತೆ" ಅಂದ, ಅಷ್ಟೇ.

ನಮ್ಮದು ಹಿರಿಯೂರಿನ ಹತ್ತಿರ ತೋಟದ ಮನೆ. 1933ರ ನಂತರ ಮೊದಲ ಸಲ 2022ರಲ್ಲಿ ಮಾರಿಕಣಿವೆ ಜಲಾಶಯ ಕೋಡಿ ಬಿದ್ದಮೇಲೆ ನಮ್ಮ ಕಡೆ ತೋಟಗಳಿಗೆ ಜೀವ ಬಂತು. ಹುಲ್ಲು ಬೆಳೆದಲ್ಲಿ ಇಲಿ, ಹೆಗ್ಗಣ. ಅವು ಇದ್ದಲ್ಲಿ ಹಾವು.

ಒಂದು ಸಂಜೆ ತೆಂಗಿನ ಗರಿಯ ರಾಶಿ ಪಕ್ಕದ ಬಿಲವನ್ನು ನಾಯಿ ಮುಂಗಾಲಲ್ಲಿ ಕೆದರುತ್ತಿತ್ತು. ಮಣ್ಣು ಹಿಂದಕ್ಕೆ ಚಿಮ್ಮುತ್ತಿತ್ತು. ಇದ್ದಕ್ಕಿದ್ದಂತೆ ಕುಕ್ಕರ್ ಕೂಗಿದ ಹಾಗೆ ಬುಸುಗುಟ್ಟಿದ ಸದ್ದು. ಕೊಳಕುಮಂಡಲ! ಬೇರೆ ನಾಯಿಯಾಗಿದ್ದರೆ ಹಿಂದೆ ಸರಿಯುತ್ತಿತ್ತು; ಇದು ಮತ್ತೆ ಮೇಲೆ ಬಿತ್ತು. ಕೊರಳಪಟ್ಟಿ ಹಿಡಿದು ಎಳೆದಾಗ ಮೂತಿಯ ಮೇಲೆ ಎರಡು ಹನಿ ರಕ್ತ. ಕಾರು ಹತ್ತುವಷ್ಟರಲ್ಲಿ ಮೂತಿ ಊದತೊಡಗಿತ್ತು. ಒಸಡಿನಿಂದ ರಕ್ತ ಜಿನುಗಿ ನನ್ನ ಹೆಂಡತಿಯ ಸೆರಗು ಒದ್ದೆಯಾಯಿತು. ಹತ್ತಿರದ ಪಶು ಆಸ್ಪತ್ರೆಗೆ ಬೀಗ. "ಡಾಕ್ಟ್ರು ನಾಳೆ ಬರ್ತಾರೆ ಸಾರ್" ಎಂದ ಕಾವಲುಗಾರ. ವಿಷ ಏರುತ್ತಿರುವ ಜೀವಕ್ಕೆ ನಾಳೆ ಎಂಬುದಿದೆಯೇ? ಸಂಜೆಯ ನಂತರ ಹಾವು ಕಚ್ಚಬಾರದು ಎಂದು ನಿಯಮವೇನಾದರೂ ಇದೆಯೇ? ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಹೆದ್ದಾರಿ ಹಿಡಿದು ಚಿತ್ರದುರ್ಗಕ್ಕೆ ಓಡಿದೆವು. ಅಲ್ಲಿನ ಪಶುವೈದ್ಯರೊಬ್ಬರು ಫೋನಿನಲ್ಲೇ ಹೇಳಿದಂತೆ ಮೆಡಿಕಲ್ ಶಾಪಿನಲ್ಲಿ ಹಾವಿನ ವಿಷದ ಮದ್ದು ಕೊಂಡೊಯ್ದೆ. ಮನುಷ್ಯರಿಗೆ ಕೊಡುವ ಮದ್ದೇ ಅದು. ಡ್ರಿಪ್‌ನಲ್ಲಿ ಅದು ಇಳಿಯುವಾಗ ರಾತ್ರಿಯಿಡೀ ಮೇಜಿನ ಪಕ್ಕ ನಿಂತಿದ್ದೆವು. ಬದುಕಿತು. "ಯಾರಿಗಾದ್ರೂ ಕೊಟ್ಬಿಡಿ ಭಾವ" ಎಂದು ಭಾವಮೈದ ಫೋನ್ ಮಾಡಿದ. ಕೊಡಲಿಲ್ಲ, ಕೊಡುವುದೂ ಇಲ್ಲ.

ಮರಿ ಬೇಕೆನ್ನುವವರಿಗೆ ಇಷ್ಟು ಹೇಳುತ್ತೇನೆ. ಕಟ್ಟಿಹಾಕಿದರೆ ಟೆರಿಯರ್ ದಿನವಿಡೀ ಬೊಗಳುತ್ತದೆ, ನೆಲ ಅಗೆಯುತ್ತದೆ. ಬೆಳಗ್ಗೆ ಸಂಜೆ ಓಡಿಸಲೇಬೇಕು. ನಮ್ಮ ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ. ಕೋಳಿ ಸಾಕಿದ್ದರೆ ಈ ನಾಯಿ ಬೇಡ. ತೋಟದಲ್ಲಿ ಹಗ್ಗ ಬಿಚ್ಚಬೇಡಿ, ಗರಿ, ಸೌದೆ ರಾಶಿ ಮನೆ ಹತ್ತಿರ ಇಡಬೇಡಿ. ರಾತ್ರಿ ಫೋನ್ ಎತ್ತುವ ಪಶುವೈದ್ಯರು ಯಾರು, ವಿಷದ ಮದ್ದು ಎಲ್ಲಿ ಸಿಗುತ್ತದೆ ಎಂದು ಮೊದಲೇ ತಿಳಿದುಕೊಳ್ಳಿ. ಚೆನ್ನಾಗಿ ನೋಡಿಕೊಂಡರೆ 13-14 ವರ್ಷ ಬಾಳುವ ಜೀವ ಇದು. ಅಷ್ಟು ವರ್ಷ ದಿನಕ್ಕೆರಡು ಹೊತ್ತು ಅದರ ಜೊತೆ ಓಡುವವರು ಮನೆಯಲ್ಲಿ ಯಾರು? ಹೆಸರು ಹೇಳಲಾಗದಿದ್ದರೆ ಮರಿ ತರಬೇಡಿ.