ಮೀನುಗಣ್ಣಿನ ಮಸೂರ

ನಿಶ್ಚಲವಾದ ಕೊಳದೊಳಗಿನ ಮೀನಿಗೆ ಮೇಲಣ ಜಗತ್ತು ಹೇಗೆ ಕಂಡೀತು? ಗಾಳಿಯಿಂದ ನೀರಿಗಿಳಿಯುವ ಬೆಳಕು ಬಾಗುತ್ತದೆ, ಇದೇ ವಕ್ರೀಭವನ. ಆದ್ದರಿಂದ ಒಂದು ದಿಗಂತದಿಂದ ಮತ್ತೊಂದು ದಿಗಂತದವರೆಗಿನ 180 ಡಿಗ್ರಿಗಳ ನೋಟವೆಲ್ಲ ನೀರೊಳಗಿನಿಂದ ಸುಮಾರು 97 ಡಿಗ್ರಿಗಳ ದುಂಡು ಕಿಟಕಿಯೊಂದರಲ್ಲಿ ಅಡಕವಾಗಿ ತೋರುತ್ತದೆ.

ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಈ ನೋಟವನ್ನು ಚಿತ್ರದಲ್ಲಿ ಸೆರೆಹಿಡಿದರು. ಅವರ ಸಲಕರಣೆಯಾದರೂ ಎಂಥದು! ಒಂದು ಬಕೆಟ್ಟು, ಅದರ ತಳದಲ್ಲಿ ಛಾಯಾಚಿತ್ರದ ಫಲಕ, ಫಲಕದ ಮೇಲ್ಗಡೆ ಸೂಕ್ಷ್ಮ ರಂಧ್ರ, ಒಳಗೆಲ್ಲ ನೀರು. 1906ರಲ್ಲಿ ಅವರು ಪ್ರಕಟಿಸಿದ ಲೇಖನದಿಂದಲೇ ‘ಮೀನುಗಣ್ಣಿನ ನೋಟ’ ಎಂಬ ಹೆಸರು ಬಳಕೆಗೆ ಬಂದಿತು.

ಆದರೆ ನೀರು ತುಂಬಿದ ಬಕೆಟ್ಟನ್ನು ಆಕಾಶದತ್ತ ಬೇಕಾದಂತೆ ತಿರುಗಿಸಲಾದೀತೆ? 1922ರಲ್ಲಿ ಬಾಂಡ್ ಎಂಬ ವಿಜ್ಞಾನಿ ನೀರಿನ ಬದಲು ಅರ್ಧಗೋಳಾಕಾರದ ಗಾಜನ್ನು ಬಳಸಿದರು. 1924ರಲ್ಲಿ ಇಂಗ್ಲೆಂಡಿನ ರಾಬಿನ್ ಹಿಲ್ ಹಲವು ಗಾಜುಗಳನ್ನು ಜೋಡಿಸಿದ ಮಸೂರವೊಂದನ್ನು ವಿವರಿಸಿದರು. ಅದರಿಂದ ಇಡೀ ಆಕಾಶದ ಮೋಡಗಳನ್ನು ಒಂದೇ ಚಿತ್ರದಲ್ಲಿ ದಾಖಲಿಸುವುದು ಸಾಧ್ಯವಾಯಿತು. ದ್ಯುತಿಸಂಶ್ಲೇಷಣೆಯ ಸಂಶೋಧನೆಗಾಗಿ ಮುಂದೆ ಪ್ರಸಿದ್ಧರಾದ ಹಿಲ್ ಇವರೇ.

ಇಂಥ ಚಿತ್ರಗಳ ಅಂಚಿನಲ್ಲಿ ನೇರವಾದ ಕಂಬಗಳೂ ಬಿಲ್ಲಿನಂತೆ ಬಾಗಿರುತ್ತವೆ. ಇದನ್ನು ಕಂಡು ನಗಬೇಕಾಗಿಲ್ಲ. ಭೂಗೋಳವನ್ನು ಸಮತಲವಾದ ನಕ್ಷೆಗೆ ಇಳಿಸುವಾಗ ಆಕಾರ ಕೆಡದಿರದು. ಆಕಾಶದ ಗುಮ್ಮಟವನ್ನು ಫಲಕಕ್ಕೆ ಇಳಿಸುವಾಗಲೂ ಅಷ್ಟೆ. ಬಾಗಿದ ಕ್ರಮವನ್ನು ಬಲ್ಲವನು ಆ ಚಿತ್ರದಿಂದಲೇ ಮೋಡದ ನಿಜವಾದ ದಿಕ್ಕನ್ನು ಅಳೆಯಬಲ್ಲನು. ಸಮಗ್ರ ನೋಟಕ್ಕೆ ತೆರಬೇಕಾದ ಬೆಲೆ ಈ ಬಾಗು. ಅದನ್ನು ಅರಿತು ಓದುವುದೇ ವಿಜ್ಞಾನ.