ಕಾಮಿಕ್ ನಾಯಕನೂ ಅವನ ಓದುಗರೂ

ಬಹುಕಾಲ ಬಾಳುವ ಕಥಾನಾಯಕನಿಗೆ ಒಬ್ಬನೇ ಕಥೆಗಾರ ಸಾಲುವುದಿಲ್ಲ. ಬರೆಯುವವನಿಗೆ ವಯಸ್ಸಾಗುತ್ತದೆ; ಬೇಸರವಾಗುತ್ತದೆ; ಕೆಲವೊಮ್ಮೆ ಸಂಬಳ ಕೊಡುವವರೊಡನೆ ಮನಸ್ತಾಪವಾಗುತ್ತದೆ. ನಾಯಕನಿಗೆ ಈ ಯಾವ ತೊಂದರೆಯೂ ಇಲ್ಲ. ಅವನು ಅದೇ ಉಡುಪಿನಲ್ಲಿ, ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ, ಮುಂದಿನ ತಿಂಗಳೂ ಅಂಗಡಿಗೆ ಬರಬೇಕು. ಆಗ ಪ್ರಕಾಶಕರು ಹೊಸ ಲೇಖಕನನ್ನೂ ಹೊಸ ಚಿತ್ರಕಾರನನ್ನೂ ತಂದು ಆ ಸ್ಥಾನದಲ್ಲಿ ಕೂರಿಸುತ್ತಾರೆ. ಅಮೆರಿಕದ ಸೂಪರ್ ಹೀರೋ ಕಾಮಿಕ್ ಪತ್ರಿಕೆಗಳಲ್ಲಿ ಎಂಬತ್ತು ವರ್ಷಗಳಿಗೂ ಮಿಕ್ಕಿ ನಡೆದು ಬಂದಿರುವ ಪದ್ಧತಿ ಇದು. ಹೀಗೆ ಕೈ ಬದಲಾದಾಗ ಓದುಗರು ಏನೆನ್ನುತ್ತಾರೆ, ಅವರ ಮಾತಿಗೆ ಎಷ್ಟು ಬೆಲೆ ಕೊಡಬೇಕು ಎಂಬುದನ್ನು ಕೆಲವು ಉದಾಹರಣೆಗಳ ಮೂಲಕ ವಿಚಾರಿಸುವುದು ಈ ಲೇಖನದ ಉದ್ದೇಶ.

ಇಷ್ಟು ಹಗುರವಾದ ವಿಷಯಕ್ಕೆ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಎಡೆ ಏಕೆ ಎಂದು ಅಧ್ಯಾಪಕರು ಕೇಳಬಹುದು. ವಿಷಯ ಹಗುರವಾಗಿರಬಹುದು; ಅದರೊಳಗಿನ ಪ್ರಶ್ನೆ ಹಗುರವಾದುದಲ್ಲ. ಒಂದು ಕಥೆ ಯಾರದು? ಅದನ್ನು ಕಲ್ಪಿಸಿದವನದೋ, ಹಣ ಹೂಡಿ ಅಚ್ಚು ಹಾಕಿಸಿದವನದೋ, ಅಥವಾ ತಿಂಗಳು ತಿಂಗಳೂ ಕಾದು ಓದಿದವನದೋ?

ಮಹಾಭಾರತದ ಕಥೆಯನ್ನು ಪಂಪ ಒಂದು ರೀತಿ ಹೇಳಿದ, ರನ್ನ ಇನ್ನೊಂದು ರೀತಿ ಹೇಳಿದ, ಕುಮಾರವ್ಯಾಸ ಮತ್ತೊಂದು ರೀತಿ ಹೇಳಿದ. ಪಂಪನಿಗೆ ಅರ್ಜುನ ನಾಯಕನಾದರೆ ರನ್ನನಿಗೆ ಭೀಮ ನಾಯಕ. ಒಬ್ಬನ ಕಾವ್ಯದಿಂದ ಮತ್ತೊಬ್ಬನ ಕಾವ್ಯ ರದ್ದಾಗಲಿಲ್ಲ. ಕಾಮಿಕ್ ಪತ್ರಿಕೆಯ ಸ್ಥಿತಿ ಹಾಗಲ್ಲ. ಅಲ್ಲಿ ಇರುವುದು ಒಂದೇ ಧಾರಾವಾಹಿ. ಹೊಸ ಲೇಖಕ ಈ ತಿಂಗಳು ಬರೆದದ್ದು ಹಳೆಯ ಲೇಖಕ ಹತ್ತು ವರ್ಷದ ಹಿಂದೆ ಬರೆದುದರ ಮುಂದುವರಿಕೆಯೆಂದೇ ಎಣಿಕೆ. ನಾಯಕ ಇಂದು ಕೊಲೆಗಾರನಾದರೆ, ಅಂದಿನ ಒಳ್ಳೆಯವನೂ ಮುಂದೆ ಕೊಲೆಗಾರನಾಗಲಿದ್ದವನೇ ಎಂದಾಗುತ್ತದೆ. ಓದುಗರ ಸಿಟ್ಟಿನ ಮೂಲ ಇಲ್ಲಿದೆ. ಹೊಸ ಕಥೆ ಅವರ ಹಳೆಯ ನೆನಪಿಗೂ ಕೈಹಾಕುತ್ತದೆ.

ಇದರ ಜೊತೆಗೆ ಒಡೆತನದ ಮಾತೂ ಇದೆ. 1938ರಲ್ಲಿ ಜೆರ್ರಿ ಸೀಗೆಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ತರುಣರು ತಾವು ಕಲ್ಪಿಸಿದ ಸೂಪರ್‌ಮ್ಯಾನನ ಹಕ್ಕನ್ನು 130 ಡಾಲರಿಗೆ ಪ್ರಕಾಶಕರಿಗೆ ಬರೆದುಕೊಟ್ಟರು. ಅಂದಿನಿಂದ ಈ ಉದ್ಯಮದಲ್ಲಿ ನಾಯಕನ ಒಡೆಯ ಬಹುಮಟ್ಟಿಗೆ ಕಂಪನಿಯೇ. ಆದುದರಿಂದ ಕಲ್ಪಿಸಿದವನು ಹೊರಟುಹೋದರೂ ನಾಯಕ ಅಲ್ಲಿಯೇ ಉಳಿಯುತ್ತಾನೆ.

ಓದುಗರ ಅಭಿಪ್ರಾಯ ಹೊರಬೀಳಲು ದಾರಿಯಾದದ್ದು ಪತ್ರಿಕೆಗಳ ಕೊನೆಯಲ್ಲಿದ್ದ ಓದುಗರ ಪತ್ರಗಳ ಪುಟ. ಡಿ.ಸಿ. ಸಂಸ್ಥೆಯ ಸಂಪಾದಕ ಜೂಲಿಯಸ್ ಷ್ವಾರ್ಟ್ಸ್ 1960ರ ಸುಮಾರಿನಲ್ಲಿ ಪತ್ರ ಬರೆದವರ ಪೂರ್ಣ ವಿಳಾಸವನ್ನೂ ಅಚ್ಚುಮಾಡತೊಡಗಿದ. ಸಣ್ಣ ಬದಲಾವಣೆ, ಫಲ ದೊಡ್ಡದು. ದೂರದೂರದ ಊರುಗಳ ಓದುಗರು ಪರಸ್ಪರ ಪತ್ರ ಬರೆದುಕೊಂಡರು. 1961ರಲ್ಲಿ ಜೆರ್ರಿ ಬೇಲ್ಸ್ ಎಂಬಾತ 'ಆಲ್ಟರ್ ಈಗೋ' ಎಂಬ ಅಭಿಮಾನಿ ಪತ್ರಿಕೆಯನ್ನು ಹೊರಡಿಸಿದ. ಅದರಲ್ಲಿ ಆತನೊಡನೆ ದುಡಿದ ಶಾಲಾ ಉಪಾಧ್ಯಾಯ ರಾಯ್ ಥಾಮಸ್ 1965ರಲ್ಲಿ ಮಾರ್ವೆಲ್ ಸಂಸ್ಥೆಗೇ ಲೇಖಕನಾಗಿ ಸೇರಿದ. ಓದುಗನಿಗೂ ಬರೆಯುವವನಿಗೂ ನಡುವೆ ಇದ್ದ ಗೋಡೆ ಅಷ್ಟು ತೆಳುವಾಗಿತ್ತು.

ಈಗ ಉದಾಹರಣೆಗಳಿಗೆ ಬರೋಣ. ಮೊದಲನೆಯದು ಸ್ಪೈಡರ್‌ಮ್ಯಾನ್. ಸ್ಟ್ಯಾನ್ ಲೀ ಮತ್ತು ಚಿತ್ರಕಾರ ಸ್ಟೀವ್ ಡಿಟ್ಕೊ ಸೇರಿ 1962ರಲ್ಲಿ ಈ ನಾಯಕನನ್ನು ಲೋಕಕ್ಕೆ ಪರಿಚಯಿಸಿದರು. ಡಿಟ್ಕೊ ಬರೆದ ಪೀಟರ್ ಪಾರ್ಕರ್ ಸಣಕಲು ಹುಡುಗ. ಬಾಗಿದ ಬೆನ್ನು, ಚಿಂತೆಯ ಮುಖ, ಸಹಪಾಠಿಗಳ ನಡುವೆ ಒಂಟಿ. 1966ರ ಜುಲೈ ತಿಂಗಳ 38ನೆಯ ಸಂಚಿಕೆಯೊಂದಿಗೆ ಡಿಟ್ಕೊ ಪತ್ರಿಕೆಯನ್ನು ಬಿಟ್ಟ. 39ನೆಯ ಸಂಚಿಕೆಯಿಂದ ಬಂದವನು ಜಾನ್ ರೊಮಿಟಾ. ಈತ ವರ್ಷಗಟ್ಟಲೆ ಪ್ರಣಯಕಥೆಗಳ ಪತ್ರಿಕೆಗಳಿಗೆ ಚಿತ್ರ ಬರೆದವನು. ಡಿಟ್ಕೊ ಮರಳಿ ಬಂದಾನೆಂದು ನಂಬಿ, ಮೊದಮೊದಲು ಆತನ ಶೈಲಿಯನ್ನೇ ಅನುಸರಿಸಲು ಪ್ರಯತ್ನಪಟ್ಟ. ಆದರೆ ಕೈಯ ಸ್ವಭಾವ ಎಷ್ಟು ದಿನ ಅಡಗೀತು? ಪೀಟರನ ಬೆನ್ನು ನೆಟ್ಟಗಾಯಿತು; ಭುಜ ಅಗಲವಾಯಿತು; ಮುಖ ಸುಂದರವಾಯಿತು. 42ನೆಯ ಸಂಚಿಕೆಯಲ್ಲಿ ಮೇರಿ ಜೇನ್ ಎಂಬ ಚೆಲುವೆಯ ಮುಖ ಮೊದಲ ಬಾರಿಗೆ ಕಾಣಿಸಿತು.

ಡಿಟ್ಕೊನ ಪೀಟರನನ್ನು ಮೆಚ್ಚಿದ್ದ ಕೆಲವರಿಗೆ ಇದು ಹಿಡಿಸಲಿಲ್ಲ. ತಮ್ಮಂತೆಯೇ ಅಂಜುಬುರುಕನಾಗಿದ್ದ ಹುಡುಗ ಸಿನಿಮಾ ನಟನಂತಾದನೆಂಬುದು ಅವರ ಕೊರಗು. ಆದರೂ ಓದುಗರ ಸಂಖ್ಯೆ ಕುಗ್ಗಲಿಲ್ಲ, ಬೆಳೆಯಿತು. ರೊಮಿಟಾನ ಕಾಲದಲ್ಲಿ ಈ ಪತ್ರಿಕೆ 'ಫೆಂಟಾಸ್ಟಿಕ್ ಫೋರ್' ಅನ್ನು ಹಿಂದಿಕ್ಕಿ ಮಾರ್ವೆಲ್ ಪತ್ರಿಕೆಗಳಲ್ಲೇ ಹೆಚ್ಚು ಮಾರಾಟವಾಗುವುದಾಯಿತು. ಹಾಗಾದರೆ ಕೊರಗಿದವರು ತಪ್ಪೆ? ಎರಡೂ ಭಾಗಗಳನ್ನು ಮರುಮುದ್ರಣದ ಪುಸ್ತಕಗಳಲ್ಲಿ ಓದಿದ ನನಗೆ ಹಾಗೆ ತೋರುವುದಿಲ್ಲ. ಹೋದದ್ದೇನೆಂದು ಅವರು ಸರಿಯಾಗಿಯೇ ಕಂಡಿದ್ದರು. ಆ ಒಂಟಿತನ ಮತ್ತೆ ಅದೇ ಬಗೆಯಲ್ಲಿ ಬರಲಿಲ್ಲ. ಬರಲಿರುವುದೇನೆಂದು ಮಾತ್ರ ಅವರು ಕಾಣದಾದರು. ಸ್ನೇಹಿತರ, ಪ್ರೇಮಿಗಳ, ತಂದೆಮಕ್ಕಳ ಸಂಬಂಧದಿಂದ ಹುಟ್ಟುವ ಕಷ್ಟಸುಖಗಳನ್ನು ರೊಮಿಟಾನ ಕೈ ತಂದಿತು. ಉಡುಪಿನ ಒಳಗಿದ್ದ ಮನುಷ್ಯ ಬದಲಾಗಲಿಲ್ಲ. ಅವನ ಹೊಣೆಯ ಭಾರವೂ ಇಳಿಯಲಿಲ್ಲ.

ಎರಡನೆಯದು ಥಾರ್. ವಾಲ್ಟರ್ ಸೈಮನ್‌ಸನ್ 1983ರ ನವೆಂಬರಿನ 337ನೆಯ ಸಂಚಿಕೆಯಿಂದ ಈ ಪತ್ರಿಕೆಯ ಕಥೆ, ಚಿತ್ರ ಎರಡನ್ನೂ ವಹಿಸಿಕೊಂಡ. ಆತನ ಮೊದಲ ಮುಖಪುಟದಲ್ಲಿ ಥಾರ್ ಇರಲೇ ಇಲ್ಲ! ಕುದುರೆಮುಖದ ಬೇರೊಂದು ಲೋಕದ ಜೀವಿ ಥಾರನ ಉಡುಪು ತೊಟ್ಟು, ಥಾರನ ಸುತ್ತಿಗೆಯಿಂದ ಪತ್ರಿಕೆಯ ಹೆಸರಿನ ಅಕ್ಷರಗಳನ್ನೇ ಒಡೆದು ಚೂರುಮಾಡುತ್ತಿತ್ತು. ಹಳೆಯ ಓದುಗರನ್ನು ಕೆಣಕಲು ಇದಕ್ಕಿಂತ ಏನು ಬೇಕು? ಆದರೂ ಆ ಸಂಚಿಕೆ ಅಂಗಡಿಗಳಲ್ಲಿ ಬೇಗನೆ ಮುಗಿದುಹೋಯಿತು; ಸೈಮನ್‌ಸನ್ನನ ಕಾಲ ಇಂದಿಗೂ ಥಾರ್ ಕಥೆಗಳ ಒಳ್ಳೆಯ ಕಾಲವೆಂದು ಹೆಸರಾಗಿದೆ.

ಕಾರಣವೇನು? ಯೋಗ್ಯನಾದವನು ಮಾತ್ರ ಆ ಸುತ್ತಿಗೆಯನ್ನು ಎತ್ತಬಲ್ಲನೆಂಬುದು 1962ರಿಂದಲೂ ಕಥೆಯಲ್ಲಿದ್ದ ನಿಯಮ. ಇಷ್ಟು ವರ್ಷ ಎಲ್ಲರೂ ಅದನ್ನು ಥಾರನ ಹೆಗ್ಗಳಿಕೆಯೆಂದು ಓದಿದರು. ಹಾಗಾದರೆ ಇನ್ನೊಬ್ಬ ಯೋಗ್ಯನಿದ್ದರೆ ಅವನೂ ಎತ್ತಬೇಕಲ್ಲವೆ ಎಂದು ಸೈಮನ್‌ಸನ್ ಕೇಳಿದ. ಬೀಟಾ ರೇ ಬಿಲ್ ಎಂಬ ಆ ಜೀವಿ ಕುರೂಪಿ. ಆದರೆ ತನ್ನ ಜನರನ್ನು ಕಾಯಲೆಂದು ಸ್ವಂತ ದೇಹವನ್ನೇ ಮಾರ್ಪಡಿಸಿಕೊಂಡವನು. ಹೊಸತು ಹೊರಗಿನಿಂದ ಬಂದಂತೆ ಕಂಡರೂ ಹಳೆಯ ನಿಯಮದ ಹೊಟ್ಟೆಯಲ್ಲೇ ಹುಟ್ಟಿತ್ತು. ಓದುಗರು ಬೆಚ್ಚಿದರು, ಆದರೆ ವಂಚಿತರಾಗಲಿಲ್ಲ.

ಮೂರನೆಯ ಉದಾಹರಣೆ ಇದಕ್ಕೆ ವಿರುದ್ಧವಾದುದು. ಗ್ರೀನ್ ಲ್ಯಾಂಟರ್ನ್ ಎಂಬ ಹೆಸರಿನಲ್ಲಿ ಹ್ಯಾಲ್ ಜೋರ್ಡಾನ್ ಎಂಬ ವಿಮಾನ ಚಾಲಕ 1959ರಿಂದ ಓದುಗರ ಮೆಚ್ಚಿಗೆ ಪಡೆದಿದ್ದ. ಭಯವಿಲ್ಲದವನು, ದೃಢಸಂಕಲ್ಪದವನು ಎಂಬುದೇ ಅವನ ಲಕ್ಷಣ. 1994ರಲ್ಲಿ ಸಂಪಾದಕ ವರ್ಗದವರು ಹಿಂದಿನ ಲೇಖಕನ ಯೋಜನೆಯನ್ನು ಬದಿಗಿಟ್ಟು, ರಾನ್ ಮಾರ್ಜ್ ಎಂಬ ಹೊಸಬನ ಕೈಗೆ ಪತ್ರಿಕೆಯನ್ನು ಕೊಟ್ಟರು. 48ರಿಂದ 50ರವರೆಗಿನ ಮೂರೇ ಸಂಚಿಕೆಗಳಲ್ಲಿ, ತನ್ನ ನಗರ ನಾಶವಾದ ದುಃಖದಿಂದ ಹ್ಯಾಲ್ ಬುದ್ಧಿಗೆಟ್ಟು ತನ್ನ ಸಂಗಡಿಗರನ್ನೇ ಸದೆಬಡಿದ. ಕೈಲ್ ರೇನರ್ ಎಂಬ ತರುಣ ಚಿತ್ರಕಾರನಿಗೆ ಅವನ ಉಂಗುರ ದಕ್ಕಿತು.

ಓದುಗರ ಕೋಪ ಈ ಸಲ ಪತ್ರಗಳಲ್ಲಿ ಮುಗಿಯಲಿಲ್ಲ. ಅವರು 'ಹೀಟ್' ಎಂಬ ಸಂಘವನ್ನು ಕಟ್ಟಿಕೊಂಡು ಹ್ಯಾಲನನ್ನು ಮರಳಿ ತರಬೇಕೆಂದು ವರ್ಷಾನುಗಟ್ಟಲೆ ಒತ್ತಾಯಿಸಿದರು. ಹೊಸ ಲೇಖಕನಿಗೆ ಬಂದ ಪತ್ರಗಳಲ್ಲಿ ಕಟುವಾದವು ಬಹಳ. ನನ್ನ ಅಭಿಪ್ರಾಯದಲ್ಲಿ ಓದುಗರ ಆಕ್ಷೇಪಕ್ಕೆ ಆಧಾರವಿತ್ತು. ಮೂವತ್ತೈದು ವರ್ಷ ಒಬ್ಬನ ಶೀಲವನ್ನು ಕಟ್ಟಿ, ಮೂರು ತಿಂಗಳಲ್ಲಿ ಅದನ್ನು ಕೆಡವುವಾಗ ಕಾರಣವನ್ನು ಕಥೆ ತಾನೇ ಕೊಡಬೇಕು. ಇಲ್ಲಿ ಕಾರಣ ಕಥೆಯಿಂದ ಬರಲಿಲ್ಲ, ಕಚೇರಿಯಿಂದ ಬಂತು. ಆದರೆ ಸಿಟ್ಟಿಗೆ ಆಧಾರವಿದ್ದ ಮಾತ್ರಕ್ಕೆ ಬೈಗುಳಕ್ಕೆ ಹಕ್ಕು ಬರುವುದಿಲ್ಲ. ಒಪ್ಪಿಸಿದ ಕೆಲಸವನ್ನು ಮಾಡಿದ ಲೇಖಕ ಸಿಕ್ಕಿದನೆಂದು ಅವನನ್ನೇ ಹಿಡಿದು ಬಡಿಯುವುದು ನ್ಯಾಯವಲ್ಲ.

ಮುಂದೆ ನಡೆದದ್ದು ಇನ್ನೂ ಸ್ವಾರಸ್ಯ. 2004ರಲ್ಲಿ ಜೆಫ್ ಜಾನ್ಸ್ ಎಂಬ ಲೇಖಕನೂ ಎಥಾನ್ ವಾನ್ ಸ್ಕೈವರ್ ಎಂಬ ಚಿತ್ರಕಾರನೂ ಆರು ಸಂಚಿಕೆಗಳ ಕಥೆಯೊಂದರಲ್ಲಿ ಹ್ಯಾಲನನ್ನು ಮರಳಿ ತರತೊಡಗಿದರು. ಉಂಗುರಕ್ಕೆ ಹಳದಿ ಬಣ್ಣದ ಮೇಲೆ ಶಕ್ತಿಯಿಲ್ಲವೆಂಬ ಹಳೆಯ, ಹಾಸ್ಯಾಸ್ಪದವಾಗಿದ್ದ ನಿಯಮಕ್ಕೆ ಜಾನ್ಸ್ ಅರ್ಥ ಕೊಟ್ಟ. ಹಳದಿಯೆಂದರೆ ಭಯ, ಆ ಭಯದ ಭೂತವೇ ಹ್ಯಾಲನ ಮೈಹೊಕ್ಕಿತ್ತು ಎಂದ. ಹಳೆಯ ಓದುಗರು ಸಂತೋಷಪಟ್ಟರು. ಆದರೆ 1994ರಲ್ಲಿ ಓದತೊಡಗಿದ ಹುಡುಗರಿಗೆ ಗ್ರೀನ್ ಲ್ಯಾಂಟರ್ನ್ ಎಂದರೆ ಕೈಲ್ ರೇನರನೇ! ಹತ್ತು ವರ್ಷ ಅವನೊಡನೆ ಬೆಳೆದವರಿಗೆ ಹ್ಯಾಲನ ಆಗಮನವೇ ಅತಿಕ್ರಮಣವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಯಾವ ಕೈಯಲ್ಲಿ ನಾಯಕನನ್ನು ಮೊದಲು ಕಂಡೆವೋ ಅದನ್ನೇ ನಿಜವಾದ ಕೈ ಎಂದು ನಂಬುವುದು ಮನಸ್ಸಿನ ಸ್ವಭಾವ. ಅದು ಪ್ರೀತಿಯ ಗುರುತು, ತೀರ್ಮಾನದ ಆಧಾರವಲ್ಲ.

ಹಾಗಿದ್ದರೆ ಬಹುಮತವನ್ನೇ ಕೇಳಿಬಿಡಬಹುದಲ್ಲ ಎನ್ನುವವರುಂಟು. ಆ ಪ್ರಯೋಗವೂ ನಡೆದಿದೆ. ಬ್ಯಾಟ್‌ಮ್ಯಾನನ ಎರಡನೆಯ ಜೊತೆಗಾರ ಜೇಸನ್ ಟಾಡ್ ಎಂಬ ಹುಡುಗನನ್ನು 1987ರಲ್ಲಿ ಹೊಸ ಲೇಖಕರು ಬೀದಿಯ ಪುಂಡನನ್ನಾಗಿ ತಿದ್ದಿ ಬರೆದರು; ಅನೇಕರಿಗೆ ಅವನು ಹಿಡಿಸಲಿಲ್ಲ. 1988ರಲ್ಲಿ ಅವನು ಬದುಕಬೇಕೋ ಸಾಯಬೇಕೋ ಎಂದು ದೂರವಾಣಿಯ ಮೂಲಕ ಓದುಗರ ಮತ ಕೇಳಲಾಯಿತು. ಒಂದು ಕರೆಗೆ ಐವತ್ತು ಸೆಂಟು. ಸಾಯಲೆಂದವರ ಮತ 5,343. ಬದುಕಲೆಂದವರ ಮತ 5,271. ಕೇವಲ 72 ಮತಗಳ ಅಂತರದಿಂದ ಒಬ್ಬ ಹುಡುಗ ಸತ್ತ. 2005ರಲ್ಲಿ ಮತ್ತೊಬ್ಬ ಲೇಖಕ ಅವನನ್ನು ಬದುಕಿಸಿ ತಂದಾಗ ಅವನಿಗೆ ಅಭಿಮಾನಿಗಳು ಹುಟ್ಟಿಕೊಂಡರು. ಎಣಿಸಿದ ಮತ ಆ ದಿನದ ಮನಸ್ಸನ್ನು ಹೇಳುತ್ತದೆ. ಕಥೆಯ ಯೋಗ್ಯತೆಯನ್ನು ಹೇಳಲು ಅದಕ್ಕೆ ಶಕ್ತಿಯಿಲ್ಲ.

ಓದುಗರ ಪ್ರತಿಕ್ರಿಯೆ ವ್ಯರ್ಥವೆಂದು ಇದರಿಂದ ತಿಳಿಯಬಾರದು. ಅದೇ ಕೈಲ್ ರೇನರನ ಕಥೆಯಲ್ಲಿ, 1994ರ 54ನೆಯ ಸಂಚಿಕೆಯಲ್ಲಿ, ಅವನ ಪ್ರೇಯಸಿಯನ್ನು ಖಳನೊಬ್ಬ ಕೊಂದು ಶೀತಪೆಟ್ಟಿಗೆಯೊಳಗೆ ತುರುಕುತ್ತಾನೆ. ಹ್ಯಾಲನಿಗಾಗಿ ಹೋರಾಡಿದವರ ಗದ್ದಲದಲ್ಲಿ ಇವಳ ಸುದ್ದಿ ಎತ್ತಿದವರು ಕಡಿಮೆ. 1999ರಲ್ಲಿ ಗೇಲ್ ಸಿಮೋನ್ ಎಂಬ ಓದುಗಳು, ನಾಯಕನ ದುಃಖವನ್ನು ಹೆಚ್ಚಿಸುವುದಕ್ಕಾಗಿಯೇ ಕಥೆಗಾರರು ಕೊಂದ, ಹಿಂಸಿಸಿದ, ಶಕ್ತಿಗುಂದಿಸಿದ ಹೆಂಗಸರ ಪಟ್ಟಿಯೊಂದನ್ನು ಮಾಡಿ, ಇದು ಹೀಗೇಕೆ ಎಂದು ಬರೆಯುವವರನ್ನೇ ಕೇಳಿದಳು. ನನ್ನ ನಾಯಕನನ್ನು ಮರಳಿ ಕೊಡಿ ಎಂದು ಆಕೆ ಕೇಳಲಿಲ್ಲ. ನಿಮ್ಮ ಕಥೆಯ ಅಭ್ಯಾಸವೇನು ಎಂದು ಕೇಳಿದಳು. ಮುಂದೆ ಆಕೆ ತಾನೇ ಹೆಸರಾಂತ ಕಾಮಿಕ್ ಲೇಖಕಿಯಾದಳು. ಪ್ರತಿಕ್ರಿಯೆ ವಿಮರ್ಶೆಯಾಗಿ ಏರುವುದೆಂದರೆ ಇದೇ.

ಮೇಲಿನ ವಿಚಾರದಿಂದ ನನಗೆ ತೋರುವುದಿಷ್ಟು. ಹೊಸ ಕೈ ಬಂದಾಗ ಹಳೆಯದರಂತಿದೆಯೇ ಎಂದು ಅಳೆಯುವುದು ಸಾಲದು. ಬದಲಾವಣೆ ನಾಯಕನ ಸ್ವಭಾವದಿಂದ, ಅವನ ಕಥೆಯ ನಿಯಮದಿಂದ ಹೊರಟಿದೆಯೇ ಎಂದು ನೋಡಬೇಕು. ಸೈಮನ್‌ಸನ್ ಗೆದ್ದದ್ದೂ, 1994ರ ಕಥೆ ಸೋತದ್ದೂ ಈ ಅಳತೆಯಲ್ಲಿ. ಹೋದದ್ದೇನೆಂದು ಹೇಳುವ ಹಕ್ಕು ಓದುಗನಿಗೆ ಮೊದಲ ದಿನದಿಂದಲೇ ಇದೆ. ಬಂದದ್ದೇನೆಂದು ಹೇಳಲು ಮಾತ್ರ ಆತ ಕೆಲವು ತಿಂಗಳು ಕಾಯಬೇಕು.

ಇನ್ನೊಂದು ಪ್ರಶ್ನೆಯನ್ನು ಓದುಗರು ಬಹುಮಟ್ಟಿಗೆ ಮರೆಯುತ್ತಾರೆ. ಹೊಸಬನು ಯಾರು ಎಂದು ಎಲ್ಲರೂ ಕೇಳುತ್ತಾರೆ. ಹಳಬನು ಏಕೆ ಹೋದ, ಹೋಗುವಾಗ ಅವನ ಕೈಯಲ್ಲಿ ಏನಿತ್ತು ಎಂದು ಕೇಳುವವರು ಕಡಿಮೆ. ಡಿಟ್ಕೊ ಬಿಟ್ಟುಹೋದ ನಾಯಕ ಆ ಬಳಿಕ ಸಿನಿಮಾಗಳಲ್ಲಿ ಕೋಟಿಗಟ್ಟಲೆ ಹಣ ತಂದ. 2018ರಲ್ಲಿ ತೊಂಬತ್ತು ವರ್ಷದವನಾಗಿ ತೀರಿಕೊಳ್ಳುವವರೆಗೂ ಡಿಟ್ಕೊ ಪ್ರಚಾರದಿಂದ ದೂರವಿದ್ದು ನ್ಯೂಯಾರ್ಕಿನಲ್ಲಿ ಚಿತ್ರ ಬರೆಯುತ್ತಲೇ ಇದ್ದ. ನಾಯಕನ ಮೇಲೆ ನಮಗೆ ಇಷ್ಟು ಅಭಿಮಾನವಿರುವಾಗ, ಅವನ ಬಾಗಿದ ಬೆನ್ನನ್ನು ಮೊದಲು ಗೆರೆಯಲ್ಲಿ ಮೂಡಿಸಿದ ಕೈಯ ಮೇಲೂ ಅದರಲ್ಲಿ ಒಂದು ಪಾಲು ಇರಬೇಡವೆ?